ಆರು ತಿಂಗಳು ತುಂಬಿತು, ಇನ್ನು ಕೂಸು ಯಾರ ಕೈಲಿ?

ಒಂದು ಸಣ್ಣ ಲೆಕ್ಕ ಹಾಕೋಣ. ಎಂಜಿನಿಯರಿಂಗ್ ಓದಿ ಟಿವಿಗೆ ಬಂದವಳು ನಾನು, ಲೆಕ್ಕ ಹಾಕೋ ಚಟ ಇನ್ನೂ ಬಿಟ್ಟಿಲ್ಲ.

ಕಾಯ್ದೆ ಪ್ರಕಾರ ಹೆರಿಗೆ ರಜೆ 26 ವಾರ. ಮೊದಲ ಎರಡು ಮಕ್ಕಳಿಗೆ. 26 ವಾರ ಅಂದ್ರೆ 182 ದಿನ, ಅಂದಾಜು ಆರು ತಿಂಗಳು. ಇದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೋಬಹುದು. ಅದನ್ನು ಪೂರ್ತಿ ತಗೊಂಡವರಿಗೆ ಹೆರಿಗೆಯಾದ ಮೇಲೆ ಉಳಿಯೋದು 18 ವಾರ, ನಾಲ್ಕು ತಿಂಗಳು ಮೇಲೊಂದಿಷ್ಟು ದಿನ. ಈ ಕಡೆ ಸರ್ಕಾರದ ಅಂಗನವಾಡಿ ಮಗುವನ್ನು ಕೂರಿಸಿಕೊಳ್ಳೋದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಕೊಡ್ತಾರೆ, ಚುಚ್ಚುಮದ್ದು, ತೂಕ ಎಲ್ಲ ನೋಡ್ತಾರೆ. ಆದ್ರೆ ಬಿಟ್ಟು ಹೋಗೋ ಹಾಗಿಲ್ಲ.

ಹಾಗಾದ್ರೆ ಆರು ತಿಂಗಳಿಂದ ಮೂರು ವರ್ಷದವರೆಗೆ? ಎರಡೂವರೆ ವರ್ಷ. ಮೂವತ್ತು ತಿಂಗಳು. ಮಗು ಕೂರೋದು, ತೆವಳೋದು, ಬೀಳೋದು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋದು, ಮಾತು ಕಲಿಯೋದು ಎಲ್ಲ ಈ ಮೂವತ್ತು ತಿಂಗಳಲ್ಲೇ. ಒಂದು ನಿಮಿಷ ಕಣ್ಣು ತಪ್ಪಿಸೋ ಹಾಗಿಲ್ಲದ ಕಾಲ. ಸರಿಯಾಗಿ ಆ ಕಾಲಕ್ಕೇ ನಮ್ಮ ವ್ಯವಸ್ಥೆ ಕೈ ಬಿಟ್ಟುಬಿಡುತ್ತೆ.

'ಯಾಕೆ, ಅಜ್ಜಿ ಇಲ್ವಾ?' ಅಂತ ಕೇಳೋರು ಇದ್ದಾರೆ. ಇದ್ದಾರಲ್ಲ, ಅಜ್ಜಿ ಇದ್ದಾರೆ. ಅಜ್ಜಿ ಇರೋದು ಊರಲ್ಲಿ, ಕೆಲಸ ಇರೋದು ಪೀಣ್ಯದಲ್ಲಿ. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್ ಬಿಡೋ ಹೊತ್ತಲ್ಲಿ ಒಮ್ಮೆ ಕ್ಯಾಮೆರಾ ಹಿಡಿದು ನಿಂತಿದ್ದೆ. ಸಂಬಳ, ಪಿಎಫ್ ಬಗ್ಗೆ ಬೈಟ್ ತಗೋಬೇಕಿತ್ತು. ಒಬ್ಬಾಕೆ ಟೈಲರ್, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಮಾತಿನ ಮಧ್ಯೆ ಹೇಳಿದ್ದು ಬೇರೆಯದ್ದೇ. "ಮಗು ಊರಲ್ಲಿ ನಮ್ಮಮ್ಮನ ಹತ್ರ ಐತೆ ಮೇಡಂ. ಹಬ್ಬಕ್ಕೆ ಹೋದಾಗ ನೋಡ್ತೀನಿ. ಅದು ನಮ್ಮಮ್ಮನ್ನ ಅಮ್ಮ ಅಂತದೆ, ನನ್ನ ಅಕ್ಕ ಅಂತ ಕರೀತದೆ." ಪಕ್ಕದಲ್ಲಿದ್ದವರು ನಕ್ಕರು, ಆಕೆಯೂ ನಕ್ಕಳು. ಯಾರಿಗೂ ಅದು ದೊಡ್ಡ ಸುದ್ದಿ ಅನ್ನಿಸಲಿಲ್ಲ. ಅಂಥವರು ಆ ಗೇಟಿನಲ್ಲೇ ಇನ್ನೂ ಹಲವರಿದ್ದರು.

ಈಗ ಕಾಯ್ದೆಗೆ ಬರೋಣ. ನಮ್ಮಲ್ಲಿ ಕಾಯ್ದೆ ಇಲ್ಲ ಅನ್ನೋ ಹಾಗೇ ಇಲ್ಲ, ಬೇಕಾದಷ್ಟಿವೆ.

1948ರ ಕಾರ್ಖಾನೆ ಕಾಯ್ದೆಯ 48ನೇ ಕಲಂ ತೆಗೀರಿ. 30ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಕೆಲಸ ಮಾಡೋ ಕಾರ್ಖಾನೆಯಲ್ಲಿ, ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿರೋ ಕೋಣೆ, ನೋಡಿಕೊಳ್ಳೋಕೆ ತರಬೇತಿ ಇರೋ ಹೆಂಗಸು ಇರಲೇಬೇಕಿತ್ತು, 2025ರವರೆಗೆ. ಮೊದಲು ಇದು 50 ಇತ್ತು, 1976ರಲ್ಲಿ 30ಕ್ಕೆ ಇಳಿಸಿದರು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೂ ಇತ್ತು. ಕೊಡಗು, ಚಿಕ್ಕಮಗಳೂರಿನ ದೊಡ್ಡ ಎಸ್ಟೇಟುಗಳ ಲೈನ್ ಮನೆಗಳಿಗೆ ಅನ್ವಯ ಆಗ್ತಿದ್ದದ್ದು ಅದೇ. 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲೂ ಶಿಶುಪಾಲನಾ ಕೋಣೆಯ ಕಲಂ ಇತ್ತು. ಆದ್ರೆ ಬೀಡಿ ಕಟ್ಟೋದು ಎಲ್ಲಿ ಸ್ವಾಮಿ? ದಕ್ಷಿಣ ಕನ್ನಡದಲ್ಲಿ ಮನೆ ಜಗಲಿಯಲ್ಲಿ ಕೂತು ಕಟ್ತಾರೆ. ಜಗಲಿಗೆ ಯಾವ ಕಲಂ ಅನ್ವಯ ಆಗುತ್ತೆ? 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೂ ಹೇಳ್ತಿತ್ತು: 50ಕ್ಕಿಂತ ಹೆಚ್ಚು ಮಹಿಳೆಯರು ಕೆಲಸ ಮಾಡೋ ಕಡೆ ಮಕ್ಕಳಿಗೆ ಕೋಣೆ ಬೇಕು ಅಂತ.

ಕಟ್ಟಡದ ವಿಷಯದಲ್ಲಿ ಸ್ವಲ್ಪ ನಿಲ್ತೀನಿ. ಬೆಂಗಳೂರಿನಲ್ಲಿ ಕಟ್ಟುತ್ತಿರೋ ಮನೆಯ ಸಂಪಿಗೆ ಬಿದ್ದು ಮಗು ಸತ್ತ ಸುದ್ದಿ ನೀವು ಎಷ್ಟು ಸಲ ಕೇಳಿದ್ದೀರಿ? ನಮ್ಮ ನ್ಯೂಸ್ ಡೆಸ್ಕಿನಲ್ಲಿ ಅದಕ್ಕೊಂದು ಸಿದ್ಧ ಅಚ್ಚು ಇದೆ. ಊರು ಬದಲಾಗುತ್ತೆ, ಬಡಾವಣೆ ಬದಲಾಗುತ್ತೆ. 'ಆಟವಾಡುತ್ತಿದ್ದ ವೇಳೆ ಆಯತಪ್ಪಿ' ಅನ್ನೋದು ಬದಲಾಗಲ್ಲ. ಆಟವಾಡುತ್ತಿದ್ದ ಮಗು ಅಲ್ಲಿಗೆ ಬಂದದ್ದು ಯಾಕೆ? ಅಮ್ಮ ಮರಳು ಹೊರ್ತಿದ್ದಳು, ಅಪ್ಪ ಸೆಂಟ್ರಿಂಗ್ ಕಟ್ತಿದ್ದ. ಶೆಡ್ಡಿನಲ್ಲಿ ಇನ್ಯಾರೂ ಇರಲಿಲ್ಲ. ಒಂದು ಸಣ್ಣ ಸೈಟಿನಲ್ಲಿ 50 ಹೆಣ್ಣುಮಕ್ಕಳು ಎಲ್ಲಿರ್ತಾರೆ? ನಾಲ್ಕು ಜನ ಇರ್ತಾರೆ, ಆರು ಜನ ಇರ್ತಾರೆ. ಕಾಯ್ದೆಯ ಸಂಖ್ಯೆ ಮುಟ್ಟೋದೇ ಇಲ್ಲ. ಹಾಗಂತ ದುಡ್ಡಿಲ್ಲ ಅಂತಲೂ ಅಲ್ಲ. ಕಟ್ಟಡ ಕಟ್ಟೋ ವೆಚ್ಚದಲ್ಲಿ ನೂರಕ್ಕೆ 1 ರೂಪಾಯಿ ಕಾರ್ಮಿಕರ ಕಲ್ಯಾಣಕ್ಕೆ ಅಂತಲೇ ಸೆಸ್ ವಸೂಲಾಗುತ್ತೆ. ಆ ಸೆಸ್‌ನಿಂದ ಬಡಾವಣೆಗೊಂದು ಕೋಣೆ, ಸುತ್ತಲಿನ ಹತ್ತು ಸೈಟಿನ ಮಕ್ಕಳಿಗೆ ಸೇರಿ ಒಂದು ಕೋಣೆ ಮಾಡೋದು ರಾಕೆಟ್ ವಿಜ್ಞಾನವೇನಲ್ಲ. 1969ರಲ್ಲೇ ದೆಹಲಿಯ ರಾಜಘಾಟ್ ಹತ್ತಿರ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳ್ತಿದ್ದಾಗ, ಬಿಸಿಲಲ್ಲಿ ಬಿದ್ದಿದ್ದ ಕೂಲಿಕಾರರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಒಂದು ಡೇರೆ ಹಾಕಿಸಿದರು. 'ಮೊಬೈಲ್ ಕ್ರೆಶಸ್' ಸಂಸ್ಥೆ ಹುಟ್ಟಿದ್ದು ಹಾಗೆ. ಕಟ್ಟಡ ಎಲ್ಲಿಗೆ ಹೋಗುತ್ತೋ ತೊಟ್ಟಿಲೂ ಅಲ್ಲಿಗೆ ಹೋಗಬೇಕು ಅನ್ನೋದು ಅವರ ವಿಚಾರ. ಐವತ್ತಕ್ಕೂ ಹೆಚ್ಚು ವರ್ಷ ಹಳೆಯ ವಿಚಾರ.

ಈ ಎಲ್ಲ ಕಾಯ್ದೆಗಳಿಗಿಂತ ಹೆಚ್ಚು ಚರ್ಚೆಯಾಗಿದ್ದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ. ರಜೆ 12 ವಾರದಿಂದ 26 ವಾರಕ್ಕೆ ಏರಿದ್ದು ಇದರಿಂದಲೇ. ಇದರ 11ಎ ಕಲಂ ಎಷ್ಟೋ ಜನಕ್ಕೆ ಗೊತ್ತಿಲ್ಲ, ಗೊತ್ತಿರ್ಲಿ. 50 ಅಥವಾ ಹೆಚ್ಚು ಉದ್ಯೋಗಿಗಳಿರೋ ಯಾವುದೇ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು. ಇಲ್ಲಿ 50 ಅಂದ್ರೆ 50 ಹೆಣ್ಣುಮಕ್ಕಳಲ್ಲ, ಗಂಡು ಹೆಣ್ಣು ಸೇರಿ 50 ಉದ್ಯೋಗಿಗಳು. ಸ್ವಂತ ಕೇಂದ್ರ ಆಗದಿದ್ರೆ ನಾಲ್ಕೈದು ಕಂಪನಿ ಸೇರಿ ಒಂದು ಮಾಡಬಹುದು. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು, ವಿಶ್ರಾಂತಿ ಸಮಯವೂ ಸೇರಿ. ಅದೂ ಅಲ್ಲದೆ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಈ ಸೌಲಭ್ಯಗಳ ಬಗ್ಗೆ ಬರಹದಲ್ಲಿ ತಿಳಿಸಬೇಕು ಅಂತಲೂ ಕಾಯ್ದೆ ಹೇಳುತ್ತೆ. ನಿಮ್ಮ ಆಫರ್ ಲೆಟರ್ ಮನೇಲಿದ್ರೆ ಒಮ್ಮೆ ತೆಗೆದು ನೋಡಿ. ಆ ಸಾಲು ಇದೆಯಾ?

ಪಾಲಿಸದಿದ್ರೆ ಶಿಕ್ಷೆ ಏನು? ಜೈಲು ಅಂತ ಪುಸ್ತಕದಲ್ಲಿದೆ, ದಂಡವೂ ಇದೆ. 2017ರ ತಿದ್ದುಪಡಿಯಾದಾಗ ದಂಡದ ಗರಿಷ್ಠ ಮೊತ್ತ 5 ಸಾವಿರ ರೂಪಾಯಿ ಇತ್ತು. ನಮ್ಮ ಬಡಾವಣೆಯಲ್ಲಿ ಒಂದು ಮಗುವಿಗೆ ಒಂದು ತಿಂಗಳ ಬೇಬಿ ಸಿಟ್ಟಿಂಗ್‌ಗೆ ಹತ್ತು ಸಾವಿರಕ್ಕಿಂತ ಕಡಿಮೆ ಯಾರೂ ಕೇಳಲ್ಲ. ಕಂಪನಿಯ ಅಕೌಂಟೆಂಟ್ ಯಾವುದನ್ನು ಆರಿಸಿಕೊಳ್ತಿದ್ದ, ನೀವೇ ಹೇಳಿ.

ಈ ಕಾಯ್ದೆಗಳಲ್ಲಿ ನನಗೆ ಕಾಣೋ ಮೂಲ ದೋಷ ದಂಡದ್ದಲ್ಲ, ಅದು ಆಮೇಲಿನ ಮಾತು. ದೋಷ ಇರೋದು ಬಿಲ್ ಯಾರ ಹೆಸರಿಗೆ ಹರಿಯುತ್ತೆ ಅನ್ನೋದರಲ್ಲಿ. ಇಎಸ್‌ಐ ಇರೋ ಕಡೆ ಹೆರಿಗೆ ರಜೆಯ ಸಂಬಳ ಇಎಸ್‌ಐ ಕೊಡುತ್ತೆ. ಇಲ್ಲದ ಕಡೆ ಅದು ಪೂರ್ತಿ ಮಾಲೀಕನ ತಲೆ ಮೇಲೆ. ಶಿಶುಪಾಲನಾ ಕೇಂದ್ರದ ಖರ್ಚಂತೂ ಎಲ್ಲ ಕಡೆ ಮಾಲೀಕನದೇ. ಈಗ ಮಾಲೀಕನ ಜಾಗದಲ್ಲಿ ನಿಂತು ಯೋಚಿಸಿ. 48ನೇ ಕಲಂ ಇದ್ದಾಗ ಕಾರ್ಖಾನೆಯಲ್ಲಿ 30 ಹೆಣ್ಣುಮಕ್ಕಳಿದ್ದರೆ, ಇನ್ನೊಬ್ಬಳನ್ನು ತಗೊಂಡ್ರೆ ಕೋಣೆ ಕಟ್ಟಬೇಕಿತ್ತು, ಆಯಾ ಇಡಬೇಕಿತ್ತು, ಹಾಲು ಕೊಡಬೇಕಿತ್ತು. ಆ 31ನೆಯವಳಿಗೆ ಕೆಲಸ ಸಿಗ್ತಿತ್ತಾ? ಹೆಣ್ಣುಮಕ್ಕಳಿಗೆ ಅನುಕೂಲ ಮಾಡೋಕೆ ಬರೆದ ಕಲಂ, ಹೆಣ್ಣುಮಕ್ಕಳನ್ನು ಕಡಿಮೆ ಮಾಡೋದಕ್ಕೆ ಬಹುಮಾನ ಕೊಡ್ತಿತ್ತು. 2017ರ ತಿದ್ದುಪಡಿ ಗಂಡಸರನ್ನೂ ಲೆಕ್ಕಕ್ಕೆ ತಗೊಂಡದ್ದು ಅದಕ್ಕೇ ಒಳ್ಳೆಯದಾಯ್ತು, ಅಲ್ಲಿ ಹೆಣ್ಣನ್ನು ಬಿಟ್ಟು ಗಂಡನ್ನು ತಗೊಂಡ್ರೆ ಸಂಖ್ಯೆ ತಪ್ಪಿಸಿಕೊಳ್ಳೋಕಾಗಲ್ಲ. ಆದ್ರೂ ಖರ್ಚು ಯಾರದು ಅನ್ನೋ ಪ್ರಶ್ನೆ ಹಾಗೇ ಉಳಿದಿದೆ. ಶಾಲೆಯ ಖರ್ಚನ್ನು ಅಪ್ಪ ದುಡಿಯೋ ಕಾರ್ಖಾನೆ ಕೊಡಬೇಕು ಅಂತ ನಾವು ಯಾವತ್ತೂ ಹೇಳಿಲ್ಲ. ಕೂಸಿನ ಖರ್ಚು ಮಾತ್ರ ಅಮ್ಮ ದುಡಿಯೋ ಕಾರ್ಖಾನೆಯದು!

ಇನ್ನೊಂದು ಸಣ್ಣ ವಿಷಯ. ಕೇಂದ್ರ ಕಾರ್ಖಾನೆಯಲ್ಲಿದೆ ಅಂತಲೇ ಇಟ್ಟುಕೊಳ್ಳಿ. ಮಗು ಅಲ್ಲಿಗೆ ಹೋಗೋದು ಹೇಗೆ? ಬೆಳಗ್ಗೆ ಏಳೂವರೆ ಬಸ್ಸಿಗೆ, ಎರಡು ಕಡೆ ಇಳಿದು ಹತ್ತಿ, ಒಂದು ಕೈಲಿ ಊಟದ ಡಬ್ಬಿ, ಇನ್ನೊಂದು ಕೈಲಿ ಎಂಟು ತಿಂಗಳ ಕೂಸು, ಕಂಕುಳಲ್ಲಿ ಬಟ್ಟೆ ಬ್ಯಾಗು. ಮಕ್ಕಳ ಕೋಣೆ ಖಾಲಿ ಬಿದ್ದಿದ್ದರೆ ಮ್ಯಾನೇಜ್‌ಮೆಂಟಿನವರು 'ನಾವು ಇಟ್ಟಿದ್ದೀವಿ, ಇವರೇ ಕರ್ಕೊಂಡು ಬರಲ್ಲ' ಅಂತಾರೆ. ಅದು ಸುಳ್ಳಲ್ಲ. ಆದ್ರೆ ಯಾಕೆ ಕರ್ಕೊಂಡು ಬರಲ್ಲ ಅಂತ ಕೇಳಬೇಕು. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕೇಂದ್ರ ಕೆಲಸದ ಜಾಗದಲ್ಲೇ ಇರಬೇಕಿಲ್ಲ, ಉದ್ಯೋಗಿಗಳ ಮನೆ ಹತ್ತಿರ ಇದ್ದರೂ ಆಗುತ್ತೆ ಅನ್ನೋ ಅವಕಾಶ ಇದೆ. ಅದನ್ನು ಬಳಸಿದವರನ್ನು ಮಾತ್ರ ನಾನು ಇನ್ನೂ ನೋಡಿಲ್ಲ.

ಹಾಗಾದ್ರೆ ಸರ್ಕಾರ ತಾನೇ ದುಡ್ಡು ಹಾಕಿ ನಡೆಸೋ ವ್ಯವಸ್ಥೆ ಇಲ್ವಾ? ಇತ್ತು, ಇದೆ. ಅದರ ಕತೆ ಸ್ವಲ್ಪ ಬೇಸರದ್ದು.

2006ರಿಂದ ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆ ಅಂತ ಒಂದು ನಡೀತಿತ್ತು. ಸ್ವಯಂಸೇವಾ ಸಂಸ್ಥೆಗಳು ನಡೆಸೋದು, ಕೇಂದ್ರ ಸರ್ಕಾರ ಅನುದಾನ ಕೊಡೋದು. ಒಂದು ಕೇಂದ್ರಕ್ಕೆ 25 ಮಕ್ಕಳು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ. ಬಡತನ ರೇಖೆಗಿಂತ ಕೆಳಗಿನವರಿಗೆ ಮಗುವೊಂದಕ್ಕೆ ತಿಂಗಳಿಗೆ 20 ರೂಪಾಯಿ ಶುಲ್ಕ. ಹೌದು, ಇಪ್ಪತ್ತು. ದೇಶದಲ್ಲಿ ಇಂಥವು ಒಂದು ಕಾಲಕ್ಕೆ 23 ಸಾವಿರದಷ್ಟಿದ್ದವು. 2017ರ ಜನವರಿಯಿಂದ ಲೆಕ್ಕ ಬದಲಾಯ್ತು. ಕೇಂದ್ರ 60 ಪಾಲು, ರಾಜ್ಯ 30 ಪಾಲು, ನಡೆಸೋ ಸಂಸ್ಥೆ 10 ಪಾಲು ಹಾಕಬೇಕು ಅಂತ ಆಯ್ತು. ರಾಜ್ಯಗಳು 'ನೋಡೋಣ' ಅಂದವು. ಸಂಸ್ಥೆಗಳು ಕೈ ಚೆಲ್ಲಿದವು. 2020ರ ಹೊತ್ತಿಗೆ ದೇಶದಲ್ಲಿ ಉಳಿದದ್ದು ಆರೂವರೆ ಸಾವಿರದ ಆಸುಪಾಸು. ಮುಚ್ಚಿಹೋದ ಹದಿನಾರು ಸಾವಿರ ಕೇಂದ್ರಗಳ ಬಗ್ಗೆ ಯಾವ ಚಾನೆಲ್ಲೂ ಒಂದು ರಾತ್ರಿ ಡಿಬೇಟ್ ಮಾಡಲಿಲ್ಲ, ನಮ್ಮದೂ ಸೇರಿ.

2022ರಲ್ಲಿ ಅದಕ್ಕೆ ಹೊಸ ಹೆಸರು ಬಂತು: 'ಪಾಲನಾ'. ಮಿಷನ್ ಶಕ್ತಿಯ ಅಡಿ. ಈ ಸಲದ ವಿಚಾರ ಸ್ವಲ್ಪ ಬುದ್ಧಿವಂತಿಕೆಯದು. ಹೊಸ ಕಟ್ಟಡ ಹುಡುಕೋ ಬದಲು ಇರೋ ಅಂಗನವಾಡಿಯಲ್ಲೇ ಇನ್ನೊಬ್ಬ ಕಾರ್ಯಕರ್ತೆ, ಇನ್ನೊಬ್ಬ ಸಹಾಯಕಿ ಹಾಕಿ, ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳನ್ನು ದಿನವಿಡೀ ನೋಡಿಕೊಳ್ಳೋದು. ಅಂಗನವಾಡಿ ಕಮ್ ಕ್ರೆಶ್. ದೇಶಕ್ಕೆ 17 ಸಾವಿರದ ಗುರಿ. ಕರ್ನಾಟಕ ಒಂದರಲ್ಲೇ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿದ್ರೆ ಆ ಗುರಿಯ ಗಾತ್ರ ಅರ್ಥ ಆಗುತ್ತೆ.

ಆದ್ರೂ ದಾರಿ ಸರಿ ಇದೆ ಅಂತಲೇ ನನ್ನ ಅಭಿಪ್ರಾಯ. ಯಾಕಂದ್ರೆ ಅಂಗನವಾಡಿ ನಮ್ಮ ರಾಜ್ಯಕ್ಕೆ ಹೊಸದಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಈ ಯೋಜನೆ ಪ್ರಯೋಗಕ್ಕೆ ಶುರುವಾದಾಗ ಅದರಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಐವತ್ತು ವರ್ಷದ ನಂಬಿಕೆ ಇದೆ. ಊರಿನ ಹೆಂಗಸರಿಗೆ ಅಂಗನವಾಡಿ ಟೀಚರ್ ಯಾರು, ಅವರ ಮನೆ ಎಲ್ಲಿ ಅಂತ ಗೊತ್ತು. ಗೊತ್ತಿಲ್ಲದವರ ಕೈಗೆ ಎಂಟು ತಿಂಗಳ ಮಗು ಕೊಡೋದು ಯಾವ ತಾಯಿಗೂ ಆಗದ ಮಾತು. ಸರ್ಕಾರ ದುಡ್ಡು ಕೊಟ್ಟು ಕಟ್ಟಡ ತರಬಹುದು, ಆ ಪರಿಚಯವನ್ನು ಎಲ್ಲಿಂದ ತರುತ್ತೆ?

2024ರಲ್ಲಿ ಇದೇ ಅಂಗನವಾಡಿಗಳ ಬಗ್ಗೆ ದೊಡ್ಡ ಗಲಾಟೆ ಆಯ್ತಲ್ಲ, ನೆನಪಿದೆಯಾ? ಎಲ್‌ಕೆಜಿ, ಯುಕೆಜಿ ಸರ್ಕಾರಿ ಶಾಲೆಯಲ್ಲಿರಬೇಕೋ ಅಂಗನವಾಡಿಯಲ್ಲಿರಬೇಕೋ ಅಂತ. ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು, ಇರೋ ಮಕ್ಕಳೂ ಹೋದ್ರೆ ನಮ್ಮ ಗತಿ ಏನು ಅಂದರು. ಅವರ ಆತಂಕ ನ್ಯಾಯವಾದದ್ದೇ. ನಾವೂ ಗಂಟೆಗಟ್ಟಲೆ ತೋರಿಸಿದೆವು. ಆದ್ರೆ ಆ ಇಡೀ ಜಗಳ ನಾಲ್ಕು, ಐದು ವರ್ಷದ ಮಕ್ಕಳದ್ದು. ಒಂದು ವರ್ಷದ ಮಗುವಿನ ಹೆಸರನ್ನು ಯಾರೂ ಎತ್ತಲಿಲ್ಲ. ಮೇಲಿನ ಮಕ್ಕಳು ಶಾಲೆಗೆ ಹೋದ್ರೆ ಕೆಳಗಿನ ಮಕ್ಕಳಿಗೆ ಆ ಕೋಣೆಯಲ್ಲಿ ಜಾಗ ಆಗುತ್ತಲ್ಲ, ಕಾರ್ಯಕರ್ತೆಯ ಕೆಲಸವೂ ಉಳಿಯುತ್ತಲ್ಲ, ಅದಕ್ಕೆ ತಕ್ಕ ಗೌರವಧನ ಕೊಡಿ ಅಂತ ಕೇಳಬಹುದಿತ್ತು. ಯಾರೂ ಕೇಳಲಿಲ್ಲ.

ಅಂಗನವಾಡಿಯ ಸಮಯದ್ದೂ ಒಂದು ತೊಡಕಿದೆ. ನಮ್ಮಲ್ಲಿ ಬೆಳಗ್ಗೆ ಒಂಬತ್ತೂವರೆಗೆ ತೆರೆದು ಸಂಜೆ ನಾಲ್ಕಕ್ಕೆ ಮುಚ್ಚುತ್ತೆ. ಗಾರ್ಮೆಂಟ್ಸ್ ಗೇಟು ಬೆಳಗ್ಗೆ ಒಂಬತ್ತಕ್ಕೆ ಮುಂಚೆಯೇ ಹಾಕಿರ್ತಾರೆ, ಬಿಡೋದು ಐದೂವರೆ ಆದ ಮೇಲೆ. ಮನೆಗೆಲಸದವರು ಆರೂವರೆಗೇ ಪಾತ್ರೆ ತೊಳೀತಿರ್ತಾರೆ, ಪೌರಕಾರ್ಮಿಕರು ಇನ್ನೂ ಬೇಗ ಪೊರಕೆ ಹಿಡಿದಿರ್ತಾರೆ. 2023ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳು ರಾತ್ರಿ ಪಾಳಿಯಲ್ಲೂ ದುಡಿಯೋಕೆ ದಾರಿ ಮಾಡಿತು. ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ, ಉಚಿತ ಬಸ್ಸು. ಎರಡೂ ಹೆಣ್ಣುಮಕ್ಕಳನ್ನು ಹೊಸ್ತಿಲು ದಾಟಿಸೋ ಕೆಲಸಗಳೇ. ಬಸ್ ಚಾರ್ಜು ಉಳಿಯಿತು, ಪಾಳಿಯೂ ಸಿಕ್ಕಿತು. ಮಗು ಮಾತ್ರ ಹೊಸ್ತಿಲ ಒಳಗೇ ಉಳಿಯಿತು. ಎಂಜಿನಿಯರಿಂಗ್‌ನಲ್ಲಿ ನಮಗೆ ಹೇಳಿಕೊಡ್ತಿದ್ದರು: ಪೈಪಿನಲ್ಲಿ ಎಲ್ಲಿ ಕಿರಿದಾಗಿದೆಯೋ ಅಷ್ಟೇ ನೀರು ಬರೋದು, ಉಳಿದ ಕಡೆ ಎಷ್ಟು ಅಗಲ ಮಾಡಿದ್ರೂ ದಂಡ ಅಂತ.

ಈಗ 'ಕೂಸಿನ ಮನೆ'. ಹೆಸರೇ ಎಷ್ಟು ಚೆನ್ನಾಗಿದೆ ಅಲ್ವಾ? ಸರ್ಕಾರಿ ಯೋಜನೆಗಳಿಗೆ ಇಂಥ ಹೆಸರು ಬರೋದು ಅಪರೂಪ. 2023ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್‌ನಲ್ಲಿ 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಶುರು ಮಾಡ್ತೀವಿ ಅಂತ ಘೋಷಿಸಿದರು. ರಾಜ್ಯದಲ್ಲಿರೋದು ಸುಮಾರು 6 ಸಾವಿರ ಪಂಚಾಯಿತಿ, ಅಂದ್ರೆ ಮೂರರಲ್ಲಿ ಎರಡು. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರು, ಊರಿನ ಬೇರೆ ದುಡಿಯೋ ಹೆಣ್ಣುಮಕ್ಕಳು ತಮ್ಮ ಕೂಸನ್ನು ಇಲ್ಲಿ ಬಿಟ್ಟು ಹೋಗಬಹುದು. ನಡೆಸೋದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ.

ನರೇಗಾದಲ್ಲಿ ಮೊದಲಿಂದಲೂ ಒಂದು ನಿಯಮ ಇತ್ತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಕೂಲಿಕಾರರಲ್ಲೇ ಒಬ್ಬಾಕೆಯನ್ನು ಮಕ್ಕಳನ್ನು ನೋಡಿಕೊಳ್ಳೋಕೆ ನೇಮಿಸಬೇಕು, ಅವಳಿಗೂ ಅಷ್ಟೇ ಕೂಲಿ ಕೊಡಬೇಕು. ನಿಯಮ ಚೆನ್ನಾಗಿತ್ತು. ಮರ ಇದ್ದರೆ ಸೀರೆ ಜೋಲಿ ಕಟ್ಟಿದ್ದೇ ವ್ಯವಸ್ಥೆ. ಕಲಬುರಗಿ ಕಡೆ ಏಪ್ರಿಲ್ ಬಿಸಿಲಲ್ಲಿ ಕೆರೆ ಹೂಳೆತ್ತೋ ಜಾಗದಲ್ಲಿ ಮರ ಎಲ್ಲಿಂದ ಬರಬೇಕು? ಅಲ್ಲಿ ಒಬ್ಬ ತಾಯಿ ನನಗೆ ಹೇಳಿದ ಮಾತು ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲೂ ನಾನು ಓದಿಲ್ಲ. "ಅಕ್ಕಾರ, ಕೂಸಿನ್ನ ಬಿಟ್ಟು ಬಂದ್ರ ಪೂರಾ ಕೆಲಸ ಆಗ್ತದ, ಕಟ್ಕೊಂಡು ಬಂದ್ರ ಅರ್ಧಾ ಕೆಲಸ ಆಗ್ತದ. ಪಗಾರ ಅಳತಿ ಮ್ಯಾಲ ಕೊಡ್ತಾರ." ನರೇಗಾ ಕೂಲಿ ಅಗೆದ ಮಣ್ಣಿನ ಅಳತೆ ಮೇಲೆ. ಮಗು ನಾಲ್ಕು ಸಲ ಅತ್ತರೆ, ನಾಲ್ಕು ಸಲ ಹಾಲೂಡಿಸಿದರೆ, ಗುಂಡಿಯ ಆಳ ಅಷ್ಟು ಕಡಿಮೆ. ಕರ್ನಾಟಕಕ್ಕೆ 2024-25ರಲ್ಲಿ ನಿಗದಿಯಾದ ದಿನಗೂಲಿ 349 ರೂಪಾಯಿ. ಪೂರಾ ಅಳತೆ ಮುಗಿಸಿದವರಿಗೆ ಮಾತ್ರ ಅದು ಪೂರಾ.

ಕೂಸಿನ ಮನೆ ಈ ಜೋಲಿಯನ್ನು ಸೂರಿನ ಕೆಳಗೆ ತಂದಿತು. ಪಂಚಾಯಿತಿಯ ಖಾಲಿ ಕಟ್ಟಡ, ಹಳೆ ಶಾಲೆ ಕೋಣೆ, ಇಂಥವಕ್ಕೆ ಸುಣ್ಣ ಬಣ್ಣ ಬಳಿದು, ಆಟದ ಸಾಮಾನು ಇಟ್ಟು, ಊಟ ಕೊಟ್ಟು. ನೋಡಿಕೊಳ್ಳೋರು ಜಾಬ್ ಕಾರ್ಡ್ ಇರೋ ಊರಿನ ಹೆಂಗಸರೇ. ತರಬೇತಿ ಕೊಟ್ಟು ನೇಮಿಸ್ತಾರೆ, ನರೇಗಾದಿಂದಲೇ ಕೂಲಿ. ಇದನ್ನು ರೂಪಿಸಿದವರಿಗೆ ನಾನು ಭೇಷ್ ಅಂತೀನಿ. ಮಗು ನೋಡಿಕೊಳ್ಳೋದೂ ಒಂದು ಕೆಲಸ, ಮಣ್ಣು ಅಗೆಯೋದಕ್ಕೆ ಎಷ್ಟು ಕೂಲಿಯೋ ಇದಕ್ಕೂ ಅಷ್ಟು ಅಂತ ಸರ್ಕಾರಿ ಲೆಕ್ಕದಲ್ಲಿ ಬರೆದದ್ದೇ ಸಣ್ಣ ವಿಷಯ ಅಲ್ಲ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡೋ ಹೆಂಗಸು ದಿನಕ್ಕೆ ಅದಕ್ಕೆ ಹಾಕೋ ಸಮಯ 299 ನಿಮಿಷ, ಮನೆಗೆಲಸ ಮಾಡೋ ಗಂಡಸು 97 ನಿಮಿಷ. ಆ 299 ನಿಮಿಷಕ್ಕೆ ಯಾರೂ ಮಸ್ಟರ್ ರೋಲ್ ತೆಗೆದಿಲ್ಲ.

ಹಾಗಂತ ತೊಡಕಿಲ್ಲದೆ ಇಲ್ಲ. ನರೇಗಾ ಅಂದ ಮೇಲೆ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿ. ಆರೈಕೆ ಮಾಡೋ ಹೆಂಗಸಿಗೂ ಅದೇ ಮಿತಿ. ಅವಳ 100 ದಿನ ಮುಗಿದರೆ ಇನ್ನೊಬ್ಬಳು ಬರಬೇಕು, ಅವಳದು ಮುಗಿದರೆ ಮತ್ತೊಬ್ಬಳು. ಪಾಳಿ ಹಂಚಿಕೊಂಡು ನಡೆಸಬೇಕು. ಗುಂಡಿಗೆ ಯಾರು ಅಗೆದರೇನು, ವ್ಯತ್ಯಾಸ ಗೊತ್ತಾಗಲ್ಲ. ಹತ್ತು ತಿಂಗಳ ಕೂಸಿಗೆ ಗೊತ್ತಾಗುತ್ತೆ. ಒಂದು ಮುಖಕ್ಕೆ ಒಗ್ಗಿಕೊಂಡು, ಅಳು ನಿಲ್ಲಿಸಿ, ಆ ಕೈಯಲ್ಲಿ ಊಟ ಮಾಡೋಕೆ ಶುರು ಮಾಡೋ ಹೊತ್ತಿಗೆ ಮುಖ ಬದಲು. ನನ್ನ ಮಗನನ್ನು ಮೊದಲ ಸಲ ಡೇ ಕೇರ್‌ಗೆ ಬಿಟ್ಟಾಗ ಎರಡು ವಾರ ಅತ್ತಿದ್ದ, ಮೂರನೇ ವಾರ ಅಲ್ಲಿನ ಆಂಟಿ ಬಿಟ್ಟು ಹೋದರು, ಮತ್ತೆ ಎರಡು ವಾರ. ಆರೈಕೆಯ ಕೆಲಸಕ್ಕೆ ನೂರು ದಿನದ ಕೂಲಿ ಸಾಲದು, ವರ್ಷವಿಡೀ ಇರೋ ಹುದ್ದೆ ಬೇಕು. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಉಳಿದ ದಿನಗಳ ದುಡ್ಡು ಹಾಕಿದರೆ ಇದು ಬಗೆಹರಿಯೋ ಸಮಸ್ಯೆ. ಅನುದಾನ ತಡವಾದರೆ ಕೂಸಿನ ಮನೆಗೆ ಬೀಗ ಬೀಳುತ್ತೆ ಅನ್ನೋದೂ ಅಷ್ಟೇ ನಿಜ. ಕೆರೆ ಕೆಲಸ ಒಂದು ತಿಂಗಳು ನಿಂತರೆ ಮುಂದಿನ ತಿಂಗಳು ಮಾಡಬಹುದು, ಮಗು ಕಾಯಲ್ಲ.

ಪಟ್ಟಣದಲ್ಲಿ ಕೂಸಿನ ಮನೆಯೂ ಇಲ್ಲ. ಕೇಂದ್ರದ ಕಾರ್ಮಿಕ ಸಮೀಕ್ಷೆ 2023-24ರಲ್ಲಿ, 15 ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ಹಳ್ಳಿ ಕಡೆ ನೂರಕ್ಕೆ 47 ಜನ ದುಡಿಮೆಯಲ್ಲಿ ಅಥವಾ ಕೆಲಸ ಹುಡುಕೋದರಲ್ಲಿದ್ದರೆ, ಪಟ್ಟಣದಲ್ಲಿ ಬರೀ 28. ಪಟ್ಟಣದಲ್ಲಿ ಕೆಲಸ ಹೆಚ್ಚು, ಓದಿದವರು ಹೆಚ್ಚು, ಸಂಬಳ ಹೆಚ್ಚು. ಆದ್ರೂ ಕಡಿಮೆ. ಕಾರಣ ಹಲವು ಇರಬಹುದು. ಹೊಲಕ್ಕೆ ಹೋಗೋ ತಾಯಿ ಮಗುವನ್ನು ಬದುವಿನ ಮೇಲೆ ಮಲಗಿಸಬಹುದು, ಮಾಲ್‌ನಲ್ಲಿ ಬಿಲ್ ಹಾಕೋ ತಾಯಿ ಎಲ್ಲಿ ಮಲಗಿಸಬೇಕು ಅನ್ನೋದು ಅದರಲ್ಲೊಂದು ಅಂತ ನಾನು ನಂಬ್ತೀನಿ.

ಸರ್ಕಾರಿ ನೌಕರರ ವಿಷಯ ಬೇಗ ಹೇಳಿಬಿಡ್ತೀನಿ. ಕೇಂದ್ರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನ ಮಕ್ಕಳ ಆರೈಕೆ ರಜೆ ಇದೆ. ರಾಜ್ಯದಲ್ಲಿ 2021ರಿಂದ 180 ದಿನ. 2024ರ ಏಪ್ರಿಲ್‌ನಲ್ಲಿ ಹಿಮಾಚಲದ ಒಬ್ಬ ಸಹಾಯಕ ಪ್ರಾಧ್ಯಾಪಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆಣ್ಣುಮಕ್ಕಳು ಕೆಲಸದಲ್ಲಿ ಭಾಗವಹಿಸೋದು ಯಾರೋ ಕೊಡೋ ರಿಯಾಯಿತಿ ಅಲ್ಲ, ಸಂವಿಧಾನ ಕೊಟ್ಟ ಹಕ್ಕು ಅನ್ನೋ ಅರ್ಥದ ಮಾತು ಹೇಳಿತು. ಒಳ್ಳೆಯದೇ. ಅದೇ ಕಚೇರಿಯ ನೆಲ ಒರೆಸೋ ಗುತ್ತಿಗೆಯ ಹೆಂಗಸಿಗೆ ಆ ರಜೆ ಇಲ್ಲ ಅನ್ನೋದನ್ನೂ ಗಮನಿಸಿ.

'ಇದಕ್ಕೆಲ್ಲ ದುಡ್ಡೆಲ್ಲಿದೆ' ಅಂತ ಕೇಳೋರಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉದಾಹರಣೆ. 1997ರಲ್ಲಿ ಅಲ್ಲಿನ ಸರ್ಕಾರ ದಿನಕ್ಕೆ 5 ಡಾಲರ್‌ಗೆ ಮಗು ನೋಡಿಕೊಳ್ಳೋ ಕೇಂದ್ರಗಳನ್ನು ಶುರು ಮಾಡಿತು. ಬಡವರಿರಲಿ ಶ್ರೀಮಂತರಿರಲಿ, ಒಂದೇ ದರ. ಉಳಿದ ಖರ್ಚು ತೆರಿಗೆ ಹಣದಿಂದ. ದುಡಿಯೋ ತಾಯಂದಿರ ಸಂಖ್ಯೆ ಎದ್ದು ಕಾಣೋ ಹಾಗೆ ಏರಿತು, ಅವರು ಕಟ್ಟೋ ತೆರಿಗೆಯೂ ಬಂತು. ಆತುರಾತುರವಾಗಿ ತೆರೆದ ಕಡೆ ಆರೈಕೆಯ ಗುಣಮಟ್ಟ ಕುಸಿದದ್ದನ್ನೂ ಅಲ್ಲಿನ ಸಂಶೋಧಕರೇ ಬರೆದಿದ್ದಾರೆ. ಎರಡೂ ಪಾಠ ನಮಗೆ ಬೇಕು. 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಅನ್ನೋ ನಮ್ಮ ಲೆಕ್ಕದಲ್ಲಿ ಹತ್ತು ಕೂಸು ಒಟ್ಟಿಗೆ ಅಳೋಕೆ ಶುರು ಮಾಡಿದ್ರೆ ಕೈ ಎಷ್ಟಿವೆ? ನಾಲ್ಕು.

ಇಷ್ಟು ಕೇಳಿದ ಮೇಲೆ ನೀವೇನು ಮಾಡಬಹುದು? ಪ್ರೋಗ್ರಾಂ ಮುಗಿದ ಮೇಲೆ ಬರೋ ಫೋನ್‌ಗಳಲ್ಲಿ ಹೆಚ್ಚಿನವು ಇದೇ ಪ್ರಶ್ನೆಯವು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳ್ಳಿಯವರಾದರೆ ನಿಮ್ಮ ಪಂಚಾಯಿತಿ ಪಿಡಿಒ ಹತ್ತಿರ ಕೇಳಿ, ನಮ್ಮಲ್ಲಿ ಕೂಸಿನ ಮನೆ ಮಂಜೂರಾಗಿದೆಯಾ, ಆಗಿದ್ದರೆ ಯಾಕೆ ತೆರೆದಿಲ್ಲ ಅಂತ. ಒಬ್ಬರೇ ಕೇಳಿದರೆ ನಾಳೆ ಬಾ ಅಂತಾರೆ, ಗ್ರಾಮಸಭೆಯಲ್ಲಿ ಹತ್ತು ಜನ ಎದ್ದು ನಿಂತು ಕೇಳಿದರೆ ನಡಾವಳಿ ಪುಸ್ತಕದಲ್ಲಿ ಬರೀಬೇಕಾಗುತ್ತೆ. ಪಟ್ಟಣದವರಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಸಿಡಿಪಿಒ ಕಚೇರಿಗೆ ಹೋಗಿ. ನಿಮ್ಮ ವಾರ್ಡಿನ ಅಂಗನವಾಡಿಯನ್ನು ಪಾಲನಾ ಅಡಿ ಕ್ರೆಶ್ ಮಾಡಿ ಅಂತ ಅರ್ಜಿ ಕೊಡಬಹುದು. ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಇಲ್ಲದಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ, ಅಂಗಡಿ, ಆಸ್ಪತ್ರೆ, ಕಂಪನಿಗಳಾದರೆ ಕಾರ್ಮಿಕ ಇಲಾಖೆಗೆ ದೂರು. ಹೆಸರು ಹಾಕೋಕೆ ಹೆದರಿಕೆಯಾದರೆ ಯೂನಿಯನ್ ಮೂಲಕ ಕೊಡಿ.

ಅರ್ಜಿಯಲ್ಲಿ ಉದ್ದುದ್ದ ಕತೆ ಬೇಡ. ನಿಮ್ಮ ಬೀದಿಯಲ್ಲಿ, ನಿಮ್ಮ ಲೈನಿನಲ್ಲಿ ಮೂರು ವರ್ಷದೊಳಗಿನ ಮಕ್ಕಳು ಎಷ್ಟು, ಆ ತಾಯಂದಿರು ಬೆಳಗ್ಗೆ ಎಷ್ಟಕ್ಕೆ ಹೊರಡ್ತಾರೆ, ಸಂಜೆ ಎಷ್ಟಕ್ಕೆ ಬರ್ತಾರೆ, ಅಷ್ಟು ಬರೆಯಿರಿ. ಸಮಯ ಬರೆಯೋದನ್ನು ಮರೀಬೇಡಿ, ನಾಲ್ಕಕ್ಕೆ ಬೀಗ ಹಾಕೋ ಕೇಂದ್ರ ಕೊಟ್ಟು ಕೈ ತೊಳ್ಕೊಂಡುಬಿಡ್ತಾರೆ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ತಿಂಗಳಾದರೂ ಉತ್ತರ ಬರದಿದ್ದರೆ ಅದೇ ಮುದ್ರೆ ಹಾಕಿದ ಪ್ರತಿಯನ್ನು ಇಟ್ಟುಕೊಂಡು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 10 ರೂಪಾಯಿ ಶುಲ್ಕ.